ಸಿಲಿಂಡರ್ ಬದಲಾಯಿತು, ಸಹಿಯೂ ಬಿತ್ತು. ಇನ್ನು ನೇರ ಬಜ್ಪೆಗೆ ಹಾರಬಹುದಾ?

ಓದುಗರ ಪ್ರಶ್ನೆ:

"ನಾನು ಉಡುಪಿಯವನು. ಮೂವರು ಗೆಳೆಯರು ಸೇರಿ ಒಂದು ಹಳೆಯ ಸೆಸ್ನಾ 172 ವಿಮಾನ ಇಟ್ಟುಕೊಂಡಿದ್ದೇವೆ. ನನಗೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ, ಸುಮಾರು 140 ಗಂಟೆ ಹಾರಿದ್ದೇನೆ. ಮಳೆಗಾಲಕ್ಕೆ ಮೊದಲು ವಿಮಾನವನ್ನು ಘಟ್ಟದ ಮೇಲಿನ ಒಂದು ಹ್ಯಾಂಗರ್‌ನಲ್ಲಿ ವಾರ್ಷಿಕ ತಪಾಸಣೆಗೆ ಬಿಟ್ಟಿದ್ದೆವು. ಒಂದು ಸಿಲಿಂಡರಿನ ಕಂಪ್ರೆಷನ್ ಕಡಿಮೆ ಬಂತು ಅಂತ ಅದನ್ನು ಬದಲಾಯಿಸಿದ್ದಾರೆ. ಬಾಲದಲ್ಲಿದ್ದು ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರಿನ ಟ್ರಿಮ್ ಕೇಬಲ್ ಸವೆದಿತ್ತು, ಹೊಸದು ಹಾಕಿದ್ದಾರೆ. ಇಂಜಿನಿಯರ್ ಸಹಿಯೂ ಆಗಿದೆ. ಈಗ ನನ್ನ ಗೆಳೆಯ (ಅವನು 400 ಗಂಟೆ ಹಾರಿದವನು) ಹೇಳುತ್ತಾನೆ: ಟೆಸ್ಟ್ ಫ್ಲೈಟ್ ಅಂತ ಬೇರೆ ಪೆಟ್ರೋಲ್ ಸುಡುವುದು ಯಾಕೆ? ಭಾನುವಾರ ಅಲ್ಲಿಂದ ಹೊರಟು ಘಟ್ಟ ದಾಟಿ ಬಜ್ಪೆಗೆ (ಮಂಗಳೂರು ವಿಮಾನ ನಿಲ್ದಾಣಕ್ಕೆ) ಬಂದರೆ ಅದೇ ಟೆಸ್ಟ್. ಬಜ್ಪೆಯ ರನ್‌ವೇ ಉದ್ದ, ಫೈರ್ ಸರ್ವೀಸ್ ಇದೆ. ಇಂಜಿನಿಯರನ್ನೂ ಕೂರಿಸಿಕೊಳ್ಳೋಣ, ಆಗ ಅವರು ಕೆಲಸ ಸರಿಯಾಗಿ ಮಾಡಿರುತ್ತಾರೆ. ಅವನ 15 ವರ್ಷದ ಮಗನೂ ಬರುತ್ತಾನಂತೆ. ನನ್ನ ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ನಾನು ಸುಮ್ನೆ ಹೆದರುತ್ತಿದ್ದೇನಾ? ಟೆಸ್ಟ್ ಬೇಕು ಅಂತಾದರೆ ಯಾರು ಹಾರಿಸಬೇಕು, ಹೇಗೆ?"

ಉತ್ತರ:

ನೀವು ಸುಮ್ನೆ ಹೆದರುತ್ತಿಲ್ಲ. ಸೆಸ್ನಾ 172 ಒಳ್ಳೆಯ ವಿಮಾನ. ನಿಮ್ಮ ಇಂಜಿನಿಯರ್ ಕೂಡ ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಗೆಳೆಯರ ಲೆಕ್ಕ ತಪ್ಪು. ಟೆಸ್ಟ್ ಫ್ಲೈಟ್ ಅಂದರೆ ಎಲ್ಲಿಗೂ ಹೋಗದ ಹಾರಾಟ. ಹೊರಟ ರನ್‌ವೇಯ ಮೇಲೇ ಸುತ್ತಬೇಕು, ಅಲ್ಲೇ ಇಳಿಯಬೇಕು. ಅದಕ್ಕೆ 'ವಿಮಾನವನ್ನು ಊರಿಗೆ ತರುವುದು' ಎಂಬ ಇನ್ನೊಂದು ಕೆಲಸ ಅಂಟಿಕೊಂಡ ಕೂಡಲೇ ಪೈಲಟ್ ಯೋಚಿಸುವ ರೀತಿಯೇ ಬದಲಾಗುತ್ತದೆ. ಆಯಿಲ್ ಪ್ರೆಷರ್ ಸ್ವಲ್ಪ ಇಳಿದಂತೆ ಕಂಡರೆ 'ಇಳಿದುಬಿಡೋಣ' ಅನ್ನಿಸಬೇಕಾದ ಹೊತ್ತಿನಲ್ಲಿ 'ಇನ್ನು ಅರ್ಧ ಗಂಟೆ ತಾನೇ, ಬಜ್ಪೆಯಲ್ಲಿ ನೋಡೋಣ' ಅನ್ನಿಸುತ್ತದೆ. ಹಿಂದೆ ಮಗ ಕೂತಿದ್ದು, ಕೆಳಗೆ ಮನೆಯವರು ಕಾಯುತ್ತಿದ್ದರೆ ಇನ್ನೂ ಜಾಸ್ತಿ.

ಮಲ್ಪೆಯಲ್ಲಿ ಬೋಟಿನ ಇಂಜಿನ್ ಬಿಚ್ಚಿ ಜೋಡಿಸಿದ ದಿನವೇ ಐಸ್ ತುಂಬಿಸಿಕೊಂಡು ಆಳಸಮುದ್ರಕ್ಕೆ ಹೊರಡುವವರು ಇದ್ದಾರಾ? ಅಳಿವೆಬಾಗಿಲಿನ ಒಳಗೇ ಒಂದೆರಡು ಸುತ್ತು ಹೊಡೆದು, ಸದ್ದು ಕೇಳಿ, ಮತ್ತೆ ಮುಚ್ಚಳ ತೆಗೆದು ನೋಡುತ್ತಾರೆ. ನೀವು ಮಾಡಬೇಕಾದದ್ದೂ ಅದೇ.

ಮೊದಲು ಆ ಸಹಿಯ ವಿಷಯ. ನಾನು ವಿಮಾನ ನಿರ್ವಹಣಾ ಇಂಜಿನಿಯರ್ ಆಗಿ ಇಂಥ ಸಹಿಗಳನ್ನು ಬೇಕಾದಷ್ಟು ಹಾಕಿದವನು, ಆಮೇಲೆ ಆ ವಿಮಾನಗಳನ್ನು ಹಾರಿಸಿದವನೂ ಹೌದು. ಸರ್ಟಿಫಿಕೇಟ್ ಆಫ್ ರಿಲೀಸ್ ಟು ಸರ್ವೀಸ್ (ವಿಮಾನವನ್ನು ಮತ್ತೆ ಬಳಕೆಗೆ ಬಿಡುವ ಪತ್ರ) ಮೇಲೆ ಬೀಳುವ ಸಹಿ ಹೇಳುವುದು ಇಷ್ಟೇ: ಈ ಕೆಲಸವನ್ನು ಮ್ಯಾನ್ಯುಯಲ್ ಪ್ರಕಾರ ಮಾಡಿದ್ದೇನೆ, ನೆಲದ ಮೇಲೆ ನೋಡಿದಾಗ ಸರಿ ಇತ್ತು. ನೆಲದ ಮೇಲೆ ಕಾಣದ ತಪ್ಪುಗಳೂ ಇರುತ್ತವೆ. ಗಾಳಿಯ ಒತ್ತಡ ಬಿದ್ದಾಗ ಕೇಬಲ್ ಹೇಗೆ ನಡೆದುಕೊಳ್ಳುತ್ತದೆ, ಮೂಗು ಮೇಲೆತ್ತಿ ಪೂರ್ತಿ ಪವರ್‌ನಲ್ಲಿ ಹತ್ತುವಾಗ ಇಂಜಿನ್ ಎಷ್ಟು ಬಿಸಿಯಾಗುತ್ತದೆ, ಇಪ್ಪತ್ತು ನಿಮಿಷದ ನಡುಕಕ್ಕೆ ಯಾವ ನಟ್ ಸಡಿಲವಾಗುತ್ತದೆ, ಇದೆಲ್ಲ ಹ್ಯಾಂಗರ್ ಮುಂದೆ ನಿಂತು ಗೊತ್ತಾಗುವುದಿಲ್ಲ.

'ಈಗಷ್ಟೇ ಸರ್ವೀಸ್ ಆಗಿದೆ, ಇದಕ್ಕಿಂತ ಸುರಕ್ಷಿತ ಸಮಯ ಯಾವುದು?' ಎಂಬ ಮಾತನ್ನು ಪೈಲಟ್‌ಗಳ ಬಾಯಲ್ಲಿ ತುಂಬಾ ಕೇಳಿದ್ದೇನೆ. ಇದು ಸುಳ್ಳು ಅಂತ ಎರಡನೇ ಮಹಾಯುದ್ಧದ ಕಾಲದಲ್ಲೇ ಗೊತ್ತಾಗಿತ್ತು. ಬ್ರಿಟನ್ನಿನ ವಾಯುಪಡೆಯಲ್ಲಿ ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ಕೋಸ್ಟಲ್ ಕಮಾಂಡ್‌ನ ಲಿಬರೇಟರ್ ವಿಮಾನಗಳಿಗೆ ಪ್ರತಿ 50 ಗಂಟೆಗೊಮ್ಮೆ ತಪಾಸಣೆ ಇತ್ತು. ಸಿ.ಎಚ್. ವಾಡಿಂಗ್ಟನ್ ಎಂಬ ವಿಜ್ಞಾನಿ ರಿಪೇರಿ ದಾಖಲೆಗಳನ್ನು ಕೂಡಿಸಿ ನೋಡಿದರು. ತಪಾಸಣೆ ಆದ ತಕ್ಷಣ ರಿಪೇರಿ ಕಡಿಮೆ ಆಗಬೇಕಿತ್ತು, ಆಮೇಲೆ ಗಂಟೆಗಳು ಉರುಳಿದಂತೆ ಏರಬೇಕಿತ್ತು. ಆದದ್ದು ಉಲ್ಟಾ. ತಪಾಸಣೆಯ ಬೆನ್ನಿಗೇ ರಿಪೇರಿ ಜಾಸ್ತಿ, ಆಮೇಲೆ ನಿಧಾನವಾಗಿ ಇಳಿಕೆ. ಅಂದರೆ ಚೆನ್ನಾಗಿದ್ದದ್ದನ್ನು ಬಿಚ್ಚಿ ಜೋಡಿಸುವಾಗಲೇ ಹೊಸ ತಪ್ಪುಗಳು ಒಳಗೆ ಸೇರುತ್ತಿದ್ದವು. (ವಾಡಿಂಗ್ಟನ್ ಮೂಲತಃ ಕೋಳಿಮೊಟ್ಟೆಯ ಭ್ರೂಣಗಳನ್ನು ಅಧ್ಯಯನ ಮಾಡುತ್ತಿದ್ದ ಜೀವವಿಜ್ಞಾನಿ. ವಿಮಾನದವರಿಗೆ ಕಾಣದ್ದು ಅವರಿಗೆ ಕಂಡಿತು.)

ಹಾಗಾಗಿ ಹ್ಯಾಂಗರ್‌ಗೆ ಹೋದಾಗ 'ಏನು ರಿಪೇರಿ ಮಾಡಿದಿರಿ?' ಅಂತ ಕೇಳಿ ಸುಮ್ಮನಾಗಬೇಡಿ. 'ಏನೇನು ಬಿಚ್ಚಿದಿರಿ?' ಅಂತ ಕೇಳಿ. ಎರಡಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. ಸಿಲಿಂಡರ್ ತೆಗೆಯಬೇಕಾದರೆ ಎಕ್ಸಾಸ್ಟ್ ಪೈಪ್, ಇಂಟೇಕ್ ಪೈಪ್, ಪ್ಲಗ್ ವೈರ್, ತಂಪುಗಾಳಿ ತಿರುಗಿಸುವ ತಗಡುಗಳು ಎಲ್ಲ ಬಿಚ್ಚಬೇಕು. ವಾರ್ಷಿಕ ತಪಾಸಣೆ ಅಂದರೆ ಸೀಟು, ನೆಲಹಾಸು, ಹೊಟ್ಟೆಯ ಅಡಿಯ ಮುಚ್ಚಳಗಳೂ ಹೊರಗೆ ಬಂದಿರುತ್ತವೆ. ಕೈ ಬಿದ್ದ ಜಾಗಗಳೆಲ್ಲ ನಿಮ್ಮ ಪಟ್ಟಿಯಲ್ಲಿ ಇರಬೇಕು. ಸೀಟು ಹಳಿಯಲ್ಲಿ ಗಟ್ಟಿಯಾಗಿ ಕೂತಿದೆಯಾ ಅಂತಲೂ ಅಲ್ಲಾಡಿಸಿ ನೋಡಿ. ಟೇಕಾಫ್ ಹೊತ್ತಿಗೆ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ಕಂಟ್ರೋಲ್ ಹಿಡಿದೇ ಹಿಂದೆ ಹೋಗುತ್ತಾನೆ. ಹಳೆಯ ಸೆಸ್ನಾಗಳ ಹೆಸರುವಾಸಿ ತೊಂದರೆ ಅದು.

ನಿಮ್ಮ ಕೇಸಿನಲ್ಲಿ ನನಗೆ ಸಿಲಿಂಡರ್‌ಗಿಂತ ಟ್ರಿಮ್ ಕೇಬಲ್ ಬಗ್ಗೆ ಚಿಂತೆ ಜಾಸ್ತಿ. ಹೆಚ್ಚಿನವರು ಇದಕ್ಕೆ ತದ್ವಿರುದ್ಧ ಯೋಚಿಸುತ್ತಾರೆ. ಇಂಜಿನ್ ಅಂದರೆ ಭಯ, ಟ್ರಿಮ್ ಅಂದರೆ 'ಅದು ಬರೀ ಕೈ ಭಾರ ಕಡಿಮೆ ಮಾಡುವ ಚಕ್ರ ಅಲ್ವಾ' ಎಂಬ ಉದಾಸೀನ. 2003ರ ಆಗಸ್ಟ್ 26ರಂದು ಅಮೆರಿಕದ ಹಯಾನಿಸ್‌ನಿಂದ ಒಂದು ಬೀಚ್ 1900ಡಿ ವಿಮಾನ ಹೊರಟಿತು. ಪ್ರಯಾಣಿಕರಿರಲಿಲ್ಲ. ಅದರ ಎಲಿವೇಟರ್ ಟ್ರಿಮ್ ಕೇಬಲನ್ನು ಆಗಷ್ಟೇ ಬದಲಾಯಿಸಿದ್ದರು, ಅದು ಅದಲುಬದಲಾಗಿ ಕೂತಿತ್ತು. ಮೂಗು ಮೇಲಕ್ಕೆ ಅಂತ ತಿರುಗಿಸಿದರೆ ವಿಮಾನ ಕೆಳಕ್ಕೆ ಒತ್ತುತ್ತಿತ್ತು. ಇಬ್ಬರು ಪೈಲಟ್‌ಗಳೂ ಸಮುದ್ರದ ಪಾಲಾದರು. ಮ್ಯಾನ್ಯುಯಲ್‌ನಲ್ಲಿ ಕೇಬಲ್ ಸುತ್ತುವ ಟ್ರಿಮ್ ಡ್ರಮ್ಮಿನ ಚಿತ್ರವೇ ತಪ್ಪಾಗಿ ಅಚ್ಚಾಗಿತ್ತು. ಕೆಲಸ ಮುಗಿದ ಮೇಲೆ ಮಾಡಬೇಕಾದ ಪರೀಕ್ಷೆ ಸರಿಯಾಗಿ ಆಗಿರಲಿಲ್ಲ, ಪೈಲಟ್‌ಗಳ ಚೆಕ್‌ಲಿಸ್ಟ್‌ನಲ್ಲೂ ಅದು ಸಿಕ್ಕಿಬೀಳಲಿಲ್ಲ. ಆ ಹಾರಾಟವೂ ವಿಮಾನವನ್ನು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸುವ ಹಾರಾಟವೇ ಆಗಿತ್ತು.

ದೊಡ್ಡ ಕಂಪನಿಗಳಲ್ಲಿ ಇದು ಆಗುವುದಿಲ್ಲ ಅಂದುಕೊಳ್ಳಬೇಡಿ. 2018ರ ನವೆಂಬರ್ 11ರಂದು ಕಜಕಸ್ತಾನದ ಏರ್ ಅಸ್ತಾನಾ ಕಂಪನಿಯ ಎಂಬ್ರೇಯರ್ ಜೆಟ್ ಪೋರ್ಚುಗಲ್‌ನಲ್ಲಿ ದೊಡ್ಡ ಸರ್ವೀಸ್ ಮುಗಿಸಿ ಮನೆಗೆ ಹೊರಟಿತ್ತು. ಏಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ, ರೆಕ್ಕೆಯ ಹಿಂದಿನ ಅಂಚಿನ ಹಲಗೆ) ಕೇಬಲ್‌ಗಳು ಅದಲುಬದಲಾಗಿದ್ದವು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ವಾಲುತ್ತಿತ್ತು. ಸುಮಾರು ಒಂದೂವರೆ ಗಂಟೆ ಒದ್ದಾಡಿ ಬೇಜಾ ವಾಯುನೆಲೆಯಲ್ಲಿ ಇಳಿಸಿದರು, ಎಲ್ಲರೂ ಉಳಿದರು. ಅಷ್ಟು ಚೆನ್ನಾದ ಪೈಲಟ್‌ಗಳು, ಅಷ್ಟು ಎತ್ತರ, ಅಷ್ಟು ಇಂಧನ ಇದ್ದುದರಿಂದ ಉಳಿದರು.

ನೀವು ಮಾಡಬೇಕಾದ ಪರೀಕ್ಷೆಗೆ ಐದು ನಿಮಿಷ ಸಾಕು. ಒಬ್ಬರು ಒಳಗೆ ಕೂರಬೇಕು, ಇನ್ನೊಬ್ಬರು ಬಾಲದ ಹತ್ತಿರ ನಿಲ್ಲಬೇಕು. ಟ್ರಿಮ್ ಚಕ್ರವನ್ನು ಮೂಗು ಮೇಲೆ ಬರುವ ಕಡೆಗೆ ಪೂರ್ತಿ ತಿರುಗಿಸಿ. ಬಲಗಡೆ ಎಲಿವೇಟರಿನ ಹಿಂದಿನ ಅಂಚಿನಲ್ಲಿರುವ ಪುಟ್ಟ ಟ್ಯಾಬ್ ಕೆಳಕ್ಕೆ ಬಾಗಬೇಕು. ಹೌದು, ಕೆಳಕ್ಕೆ. ಇಲ್ಲೇ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಟ್ಯಾಬ್ ಕೆಳಗೆ ಬಾಗಿದರೆ ಗಾಳಿ ಎಲಿವೇಟರನ್ನು ಮೇಲೆ ತಳ್ಳುತ್ತದೆ, ಎಲಿವೇಟರ್ ಮೇಲೆ ಹೋದರೆ ಬಾಲ ಕೆಳಗೆ, ಮೂಗು ಮೇಲೆ. ಮೂಗು ಕೆಳಗೆ ಅಂತ ತಿರುಗಿಸಿದರೆ ಟ್ಯಾಬ್ ಮೇಲಕ್ಕೆ. ಎರಡೂ ಕಡೆ ಕೊನೆಯವರೆಗೆ ಹೋಗುತ್ತದಾ, ಒಳಗಿನ ಸೂಚಕ ಅದಕ್ಕೆ ಹೊಂದಿ ಓಡುತ್ತದಾ ನೋಡಿ. ಆಮೇಲೆ ಟೇಕಾಫ್ ಗುರುತಿಗೆ ತಂದು ನಿಲ್ಲಿಸಿ, ಆಗ ಟ್ಯಾಬ್ ಎಲ್ಲಿ ನಿಂತಿದೆ ಅಂತ ಹೊರಗೆ ಹೋಗಿ ನೀವೇ ಕಣ್ಣಾರೆ ನೋಡಿ.

ಏಲೆರಾನ್‌ಗೆ ಸುಲಭದ ಉಪಾಯ ಇದೆ. ಯೋಕ್ (ಪೈಲಟ್ ಹಿಡಿಯುವ ಸ್ಟೀರಿಂಗ್) ಹಿಡಿದು ಹೆಬ್ಬೆರಳನ್ನು ನೆಟ್ಟಗೆ ಮೇಲೆ ಮಾಡಿ. ಎಡಕ್ಕೆ ತಿರುಗಿಸಿದಾಗ ಹೆಬ್ಬೆರಳು ಯಾವ ರೆಕ್ಕೆಯತ್ತ ವಾಲುತ್ತದೋ ಆ ರೆಕ್ಕೆಯ ಏಲೆರಾನ್ ಮೇಲೆ ಏಳಬೇಕು. 'ಫ್ರೀ ಅಂಡ್ ಕರೆಕ್ಟ್' ಅಂತ ನಾವೆಲ್ಲ ಬಾಯಿಪಾಠ ಒಪ್ಪಿಸುತ್ತೇವೆ, ಆದರೆ ನೋಡುವುದು ಫ್ರೀ ಮಾತ್ರ. ಕೈಗೆ ಸಲೀಸಾಗಿ ತಿರುಗಿದರೆ ಆಯಿತು ಅಂದುಕೊಳ್ಳುತ್ತೇವೆ. ಅದಲುಬದಲಾದ ಕೇಬಲ್ ಕೂಡ ಸಲೀಸಾಗಿಯೇ ತಿರುಗುತ್ತದೆ. ಇನ್ನೊಂದು: ಕಂಟ್ರೋಲ್ ಕೇಬಲ್‌ಗೆ ಕೈ ಹಾಕಿದರೆ ಎರಡನೇ ಅರ್ಹ ವ್ಯಕ್ತಿ ಬೇರೆಯಾಗಿ ನೋಡಿ ಸಹಿ ಹಾಕುವ ಪದ್ಧತಿ ನಮ್ಮ ವೃತ್ತಿಯಲ್ಲಿ ಇದೆ. ಲಾಗ್‌ಬುಕ್‌ನಲ್ಲಿ ಆ ಎರಡನೇ ಸಹಿ ಇದೆಯಾ ನೋಡಿ. ಇಲ್ಲದಿದ್ದರೆ ಅದು ಬೀಳುವ ತನಕ ವಿಮಾನ ಅಲ್ಲೇ ಇರಲಿ.

ಈಗ ಸಿಲಿಂಡರ್. ಇಲ್ಲಿ ಸ್ವಲ್ಪ ಇಕ್ಕಟ್ಟಿದೆ. ಹೊಸ ಸಿಲಿಂಡರಿನ ಒಳಗೋಡೆಗೆ ಪಿಸ್ಟನ್ ರಿಂಗ್‌ಗಳು ಉಜ್ಜಿ ಹೊಂದಿಕೊಳ್ಳಬೇಕು. ಅದಕ್ಕೆ ಒಳಗೆ ಒತ್ತಡ ಬೇಕು, ಅಂದರೆ ಜಾಸ್ತಿ ಪವರ್. ಕಡಿಮೆ ಪವರ್‌ನಲ್ಲಿ ಓಡಿಸುತ್ತಾ ಹೋದರೆ ಗೋಡೆಯ ಮೇಲೆ ಆಯಿಲ್ ಸುಟ್ಟು ಗಾಜಿನಂಥ ಪದರ ಕೂರುತ್ತದೆ. ಆಮೇಲೆ ರಿಂಗ್ ಕೂರುವುದೇ ಇಲ್ಲ, ಇಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಅದಕ್ಕೇ 'ಹೊಸದು, ಮೆತ್ತಗೆ ಓಡಿಸು' ಎಂಬ ಹಳೆಯ ಸ್ಕೂಟರ್ ಬುದ್ಧಿವಾದ ಇಲ್ಲಿ ನಡೆಯುವುದಿಲ್ಲ. ನೆಲದ ಮೇಲೆ ಗಂಟೆಗಟ್ಟಲೆ ಓಡಿಸಿ ಪಳಗಿಸುತ್ತೇವೆ ಎನ್ನುವುದೂ ತಪ್ಪು. ನಿಂತ ವಿಮಾನದಲ್ಲಿ ಇಂಜಿನ್‌ಗೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ, ಸಿಲಿಂಡರ್ ಕಾಯುತ್ತದೆ. ಟೇಕಾಫ್-ಲ್ಯಾಂಡಿಂಗ್ ಸುತ್ತುಗಳನ್ನು ಒಂದರ ಹಿಂದೆ ಒಂದು ಹೊಡೆಯುವುದೂ ಒಳ್ಳೆಯದಲ್ಲ, ಅದರಲ್ಲಿ ಅರ್ಧ ಸಮಯ ಪವರ್ ಇಳಿಸಿಯೇ ಇರುತ್ತೀರಿ. ಹಾಗಾದರೆ ಮಾಡಬೇಕಾದದ್ದು: ರನ್‌ವೇಯ ನೇರ ಮೇಲೆ, ಸಾಕಷ್ಟು ಎತ್ತರದಲ್ಲಿ, ಶೇಕಡ 75ರ ಆಸುಪಾಸಿನ ಪವರ್‌ನಲ್ಲಿ ದೊಡ್ಡ ದೊಡ್ಡ ಸುತ್ತು. ಇಂಜಿನ್‌ಗೆ ಬೇಕಾದದ್ದೂ ಸಿಗುತ್ತದೆ, ನಿಮಗೆ ಬೇಕಾದದ್ದೂ ಸಿಗುತ್ತದೆ. ಆಯಿಲ್ ಯಾವುದು ಹಾಕಿದ್ದಾರೆ ಅಂತಲೂ ಕೇಳಿ. ಆಯಿಲ್ ಖರ್ಚು ಒಂದು ಮಟ್ಟಕ್ಕೆ ಬಂದು ನಿಲ್ಲುವ ತನಕ ಸಾಮಾನ್ಯವಾಗಿ ಸಾದಾ ಮಿನರಲ್ ಆಯಿಲ್ ಬಳಸುತ್ತಾರೆ.

ಈ ಲೆಕ್ಕದಲ್ಲೇ ಘಟ್ಟದ ದಾರಿಯನ್ನೂ ನೋಡಿ. ಕುದುರೆಮುಖ 1,894 ಮೀಟರ್, ಕುಮಾರಪರ್ವತ 1,712 ಮೀಟರ್. ಇವುಗಳ ಸಾಲನ್ನು ಅಂತರ ಇಟ್ಟುಕೊಂಡು ದಾಟಬೇಕಾದರೆ 8,000 ಅಡಿಯ ಹತ್ತಿರ ಹೋಗಬೇಕು. ಟರ್ಬೋ ಇಲ್ಲದ ಇಂಜಿನ್ ಆ ಎತ್ತರದಲ್ಲಿ ಥ್ರಾಟಲ್ ಪೂರ್ತಿ ತೆರೆದರೂ ಹೆಚ್ಚೆಂದರೆ ಶೇಕಡ 75 ಕೊಡುತ್ತದೆ. ಆಚೆ ದಾಟಿದ ಮೇಲೆ ಬಜ್ಪೆಯ ಎತ್ತರ ಬರೀ 100 ಮೀಟರ್ ಚಿಲ್ಲರೆ. ಅಷ್ಟು ಉದ್ದದ ಇಳಿತವನ್ನು ಪವರ್ ತಗ್ಗಿಸಿ ಇಳಿಯಬೇಕು. ಹೊಸ ರಿಂಗ್‌ಗೆ ಅದು ಬೇಡದ ಕೆಲಸ. ಇಂಜಿನ್ ಕೈಕೊಟ್ಟರೆ? ಸಕಲೇಶಪುರ ಬಿಟ್ಟ ಮೇಲೆ ಶಿರಾಡಿ, ಬಿಸಿಲೆ ಕಡೆ ಕೆಳಗೆ ಬರೀ ಕಾಡು. ನೆಲ್ಯಾಡಿ, ಉಪ್ಪಿನಂಗಡಿ ಬಂದರೂ ರಬ್ಬರ್, ಅಡಿಕೆ ತೋಟ. ನಮ್ಮ ಕಡೆಯ ಗದ್ದೆಗಳು ವಿಮಾನ ಇಳಿಸುವಷ್ಟು ಉದ್ದ ಎಲ್ಲಿವೆ? ಘಟ್ಟದ ಮೇಲೆ ಬಯಲಿನಲ್ಲಾದರೆ ರಾಗಿ ಹೊಲ, ಕೆರೆಯಂಗಳ ಅಂತ ಏನಾದರೂ ಸಿಗುತ್ತದೆ. ವಿಮಾನ ಈಗ ಇರುವ ಜಾಗವೇ ಟೆಸ್ಟ್‌ಗೆ ಒಳ್ಳೆಯದು. ಏನಾದರೂ ಸರಿ ಇಲ್ಲದಿದ್ದರೆ ಬಿಚ್ಚಿದವರೂ ಅವರ ಸಲಕರಣೆಯೂ ಅಲ್ಲೇ ಇರುತ್ತದೆ.

ಬಜ್ಪೆ ಬಗ್ಗೆ ನಿಮ್ಮ ಗೆಳೆಯರು ಹೇಳಿದ್ದು ಅರ್ಧ ನಿಜ. 2,450 ಮೀಟರ್ ರನ್‌ವೇ 172ಕ್ಕೆ ಧಾರಾಳ. ನೆಲಬಿಟ್ಟು 50 ಅಡಿ ಏರಲು ಅದಕ್ಕೆ ಸುಮಾರು 500 ಮೀಟರ್ ಸಾಕು. ಇಂಜಿನ್ ಆಗಲೇ ನಿಂತರೂ ಮುಂದಿರುವ ರನ್‌ವೇಯಲ್ಲೇ ಇಳಿಸಬಹುದು. ಫೈರ್ ಸರ್ವೀಸ್, ಟವರ್ ಎಲ್ಲ ಇರುವುದು ನಿಜ. ಆದರೆ ಅದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್. ರನ್‌ವೇ ಮುಗಿದ ಮೇಲೆ ಕಣಿವೆ, ತೆಂಗಿನ ತೋಟ, ಮನೆಗಳು. 2010ರ ಮೇ 22ರಂದು 158 ಜನ ಹೋದ ಜಾಗ ಅದು, ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಅಪಘಾತದ ಕಾರಣ ಬೇರೆ, ವಿಮಾನದ ಗಾತ್ರವೂ ಬೇರೆ. ಆದರೆ 300 ಅಡಿ ಎತ್ತರದಲ್ಲಿ ಇಂಜಿನ್ ನಿಂತ ಸೆಸ್ನಾಗೂ ಎದುರಿಗೆ ಕಾಣುವುದು ಅದೇ ಕಣಿವೆ. ಮೇಲಾಗಿ ಅಲ್ಲಿ ಜೆಟ್‌ಗಳು ಬಂದುಹೋಗುತ್ತಿರುತ್ತವೆ. ನಿಮ್ಮನ್ನು ಟ್ಯಾಕ್ಸಿವೇಯಲ್ಲಿ ಕಾಯಿಸಿದರೆ ಹೊಸ ಸಿಲಿಂಡರ್ ನಿಂತಲ್ಲೇ ಬಿಸಿಯಾಗುತ್ತದೆ. ರನ್‌ವೇ ಮೇಲೆ ಮುಕ್ಕಾಲು ಗಂಟೆ ಸುತ್ತುತ್ತೇನೆ ಅಂದರೆ ಟವರ್‌ನವರು ಒಪ್ಪುವುದೂ ಕಷ್ಟ.

ಇನ್ನು ಇಂಜಿನಿಯರನ್ನು ಕೂರಿಸಿಕೊಳ್ಳುವ ಮಾತು. ಇದು ವಿಮಾನದಷ್ಟೇ ಹಳೆಯ ಜೋಕ್. ಕೇಳಲು ಜಾಣತನ ಅನ್ನಿಸುತ್ತದೆ. ಆದರೆ ನಟ್ ಬಿಗಿ ಮಾಡಲು ಮರೆತವನಿಗೆ ತಾನು ಮರೆತಿದ್ದೇನೆ ಅಂತ ಗೊತ್ತಿರುವುದಿಲ್ಲ. ಅವನು ಪೂರ್ತಿ ಧೈರ್ಯದಿಂದಲೇ ಬಂದು ಕೂರುತ್ತಾನೆ. ಅವನು ಕೂತದ್ದರಿಂದ ನಟ್ ಬಿಗಿಯಾಗುವುದಿಲ್ಲ, ಸಾಯುವವರ ಲೆಕ್ಕ ಒಂದು ಜಾಸ್ತಿಯಾಗುತ್ತದೆ ಅಷ್ಟೇ. ಹಾರಾಟದಲ್ಲಿ ಏನಾದರೂ ಅಳತೆ ಬರೆದುಕೊಳ್ಳಲು ನಿಜವಾಗಿಯೂ ಇನ್ನೊಬ್ಬರು ಬೇಕಾದರೆ ಸರಿ. ನಿಮ್ಮ ಕೆಲಸಕ್ಕೆ ಬೇಡ. ಹುಡುಗನ ಬಗ್ಗೆ ಚರ್ಚೆಯೇ ಇಲ್ಲ. ಅಮೆರಿಕದ ವಿಮಾನಯಾನ ನಿಯಮ 91.407 ಕೂಡ ಇದನ್ನೇ ಹೇಳುತ್ತದೆ: ಕೆಲಸದಿಂದ ಹಾರಾಟದ ಗುಣ ಗಣನೀಯವಾಗಿ ಬದಲಾಗಿರಬಹುದು ಅಂತಾದರೆ, ಅರ್ಹ ಪೈಲಟ್ ಹಾರಿಸಿ ನೋಡಿ ಲಾಗ್‌ನಲ್ಲಿ ಬರೆಯುವ ತನಕ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ. ನಮ್ಮಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದ ಪ್ರಕಾರ ನಿಮ್ಮ ಕೆಲಸಕ್ಕೆ ಏನು ಅನ್ವಯಿಸುತ್ತದೆ, ಟೆಸ್ಟ್ ಫ್ಲೈಟ್ ರಿಪೋರ್ಟ್ ಬೇಕಾ ಅಂತ ಸಹಿ ಹಾಕಿದ ಇಂಜಿನಿಯರ್ ಹತ್ತಿರವೇ ಬರಹದಲ್ಲಿ ಕೇಳಿ. ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ಓದಿ. ಟೆಸ್ಟ್ ಹಾರಾಟಕ್ಕೆ ಬೇರೆ ಷರತ್ತು ಇಟ್ಟಿದ್ದರೆ ಅದು ಗೊತ್ತಾಗಬೇಕಾದದ್ದು ಮೊದಲೇ.

ಯಾರು ಹಾರಿಸಬೇಕು? ನೀವಲ್ಲ. ನಿಮ್ಮ ಗೆಳೆಯರೂ ಈಗಲೇ ಅಲ್ಲ. 400 ಗಂಟೆ ಒಳ್ಳೆಯದೇ, ಆದರೆ ನಾನು ಕೇಳುವುದು ಬೇರೆ: ಕಳೆದ ಮೂರು ತಿಂಗಳಲ್ಲಿ ಎಷ್ಟು ಹಾರಿದ್ದಾರೆ? ಮಳೆಗಾಲ ಪೂರ್ತಿ ವಿಮಾನ ನಿಂತಿತ್ತು ಅಂದರೆ ಪೈಲಟ್‌ಗಳೂ ನಿಂತಿದ್ದರು ಅಂತ ತಾನೇ ಅರ್ಥ? ತುಕ್ಕು ಎರಡು ಕಡೆಯೂ ಹಿಡಿದಿರುತ್ತದೆ. ನನ್ನ ಪ್ರಕಾರ ನಿಮಗೆ ಎರಡು ದಾರಿ ಇವೆ. ಒಂದು, 172ರಲ್ಲಿ ದಿನಾ ಹಾರುವ, ಹೀಗೆ ಸರ್ವೀಸ್ ಆದ ವಿಮಾನಗಳನ್ನು ಹಾರಿಸಿ ರೂಢಿ ಇರುವ ಇನ್‌ಸ್ಟ್ರಕ್ಟರ್ ಒಬ್ಬರಿಗೆ ಹಣ ಕೊಟ್ಟು ಮೊದಲ ಹಾರಾಟ ಮಾಡಿಸುವುದು. ಇದು ಖರ್ಚಿನದ್ದು, ಆದರೆ ನನ್ನ ಓಟು ಇದಕ್ಕೇ. ಇನ್ನೊಂದು, ನಿಮ್ಮ ಗೆಳೆಯರು ಬೇರೆ 172ರಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಒಂದೆರಡು ದಿನ ಹಾರಿ, ಇಂಜಿನ್ ನಿಂತಿದೆ ಎಂಬಂತೆ ಪವರ್ ಪೂರ್ತಿ ಇಳಿಸಿ ಮಾಡುವ ಲ್ಯಾಂಡಿಂಗ್‌ಗಳನ್ನು ಚೆನ್ನಾಗಿ ಅಭ್ಯಾಸ ಮಾಡಿ, ಆಮೇಲೆ ಒಬ್ಬರೇ ಹಾರಿಸುವುದು. ಇದರಲ್ಲಿ ಅಪಾಯ ಸ್ವಲ್ಪ ಜಾಸ್ತಿ. ಸ್ವಂತ ವಿಮಾನದ ಮೇಲೆ ಪ್ರೀತಿ ಇರುತ್ತದೆ, 'ಇದು ಯಾವಾಗಲೂ ಹೀಗೇ ಸದ್ದು ಮಾಡುತ್ತೆ' ಅಂತ ಸಮಾಧಾನ ಮಾಡಿಕೊಳ್ಳುವ ಗುಣವೂ ಬರುತ್ತದೆ.

ಯಾರೇ ಹಾರಿಸಲಿ, ಹಿಂದಿನ ದಿನವೇ ಹ್ಯಾಂಗರ್‌ಗೆ ಹೋಗಲಿ. ಬೆಳಗ್ಗೆ ಬಂದು ಕೀ ತಿರುಗಿಸಿ ಹೊರಡುವ ಕೆಲಸ ಅಲ್ಲ ಇದು. ಟಾರ್ಚ್ ಹಿಡಿದು ಇಂಜಿನ್ ಕೆಳಗೆ, ಬಾಲದ ಒಳಗೆ ಇಣುಕಿ ನೋಡಬೇಕು. ಬಾಲದ ಒಳಗೆ ಕಂಟ್ರೋಲ್ ಕೇಬಲ್ ಪಕ್ಕದಲ್ಲೇ ಮಲಗಿದ್ದ ಸ್ಕ್ರೂಡ್ರೈವರನ್ನು ನಾನು ಹೊರತೆಗೆದದ್ದಿದೆ. ಮಳೆಗಾಲ ಕಳೆದ ವಿಮಾನಕ್ಕೆ ಇನ್ನೂ ಕೆಲವು ತೊಂದರೆ ಇರುತ್ತವೆ. ಟ್ಯಾಂಕಿನಲ್ಲಿ ನೀರು ಕೂತಿರುತ್ತದೆ. ಇರುವ ಎಲ್ಲ ಡ್ರೈನ್‌ಗಳಿಂದಲೂ ಸ್ಯಾಂಪಲ್ ತೆಗೆಯಿರಿ. ವಿಮಾನದ ಪೆಟ್ರೋಲ್, ಏವ್‌ಗ್ಯಾಸ್ 100 ಎಲ್‌ಎಲ್, ತೆಳು ನೀಲಿ ಬಣ್ಣದ್ದು. ಕಪ್ ತುಂಬಾ ಒಂದೇ ಥರ ತಿಳಿಯಾಗಿ ಕಂಡರೆ ಖುಷಿಪಡಬೇಡಿ, ಪೂರ್ತಿ ನೀರೇ ಇರಬಹುದು. ಬಣ್ಣ ನೋಡಿ, ಮೂಸಿ ನೋಡಿ. ವೇಗ ಅಳೆಯಲು ಗಾಳಿ ಹಿಡಿಯುವ ಪೀಟೋ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಹೊರಗಿನ ಗಾಳಿಯ ಒತ್ತಡವನ್ನು ಮಾಪಕಗಳಿಗೆ ಮುಟ್ಟಿಸುವ ರಂಧ್ರದ, ಅಂದರೆ ಸ್ಟ್ಯಾಟಿಕ್ ಪೋರ್ಟ್‌ನ, ಮೇಲೆ ತೊಳೆಯುವಾಗ ಹಾಕಿದ ಟೇಪ್ ಉಳಿದಿರುತ್ತದೆ. ಇದೇ ಟೇಪ್‌ನಿಂದ 1996ರ ಅಕ್ಟೋಬರ್ 2ರಂದು ಏರೋಪೆರು ಸಂಸ್ಥೆಯ ಬೋಯಿಂಗ್ 757 ಸಮುದ್ರಕ್ಕೆ ಬಿದ್ದು 70 ಜನ ಸತ್ತರು.

ಇಂಜಿನ್ ಶುರುವಾದ 30 ಸೆಕೆಂಡಿನ ಒಳಗೆ ಆಯಿಲ್ ಪ್ರೆಷರ್ ಏರಬೇಕು, ಇಲ್ಲದಿದ್ದರೆ ನಿಲ್ಲಿಸಿ. ಪ್ಲಗ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ಆಫ್ ಮಾಡಿದಾಗ ಆರ್‌ಪಿಎಂ ಎಷ್ಟು ಬೀಳಬಹುದು ಅಂತ ನಿಮ್ಮ ಮಾದರಿಯ ಹ್ಯಾಂಡ್‌ಬುಕ್‌ನಲ್ಲೇ ನೋಡಿ. 172ಗಳಲ್ಲಿ ಮಾದರಿಗೆ ತಕ್ಕಂತೆ 125 ಅಥವಾ 150ರ ಮಿತಿ, ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಈ ಓಟ ಚುಟುಕಾಗಿರಲಿ. ಆಮೇಲೆ ಇಂಜಿನ್ ನಿಲ್ಲಿಸಿ, ಕೌಲಿಂಗ್ (ಇಂಜಿನ್ ಮುಚ್ಚಳ) ತೆಗೆದು ಮತ್ತೊಮ್ಮೆ ನೋಡಿ. ಈ ಒಂದು ಹೆಜ್ಜೆಯನ್ನು ಸೋಮಾರಿತನದಿಂದ ಬಿಡುವವರೇ ಜಾಸ್ತಿ. ಸೋರುವ ಆಯಿಲ್, ಇಂಧನದ ನೀಲಿ ಕಲೆ, ಎಕ್ಸಾಸ್ಟ್ ಜೋಡಣೆಯ ಸುತ್ತ ಬೂದು ಗೆರೆ, ಎಲ್ಲ ಇಂಜಿನ್ ಬಿಸಿಯಾದ ಮೇಲೇ ಕಾಣುವುದು.

ಹಾರಾಟದ ದಿನ ಬೆಳಗ್ಗೆ, ಗಾಳಿ ಕಡಿಮೆ, ಆಕಾಶ ತಿಳಿ. ವಿಮಾನದಲ್ಲಿ ಒಬ್ಬರೇ. ಹೊರಡುವ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಬೇಕು: ಪೂರ್ತಿ ಥ್ರಾಟಲ್‌ಗೆ ಆರ್‌ಪಿಎಂ ಬರದಿದ್ದರೆ ನಿಲ್ಲಿಸುತ್ತೇನೆ. ಆಯಿಲ್ ಪ್ರೆಷರ್ ಹಸಿರಿನಲ್ಲಿ ಇಲ್ಲದಿದ್ದರೆ ನಿಲ್ಲಿಸುತ್ತೇನೆ. ಸ್ಪೀಡ್ ಮುಳ್ಳು ಏಳದಿದ್ದರೆ ನಿಲ್ಲಿಸುತ್ತೇನೆ. ನೆಲಬಿಟ್ಟ ಮೇಲೆ ಇಂಜಿನ್ ನಿಂತರೆ ನೇರ ಮುಂದೆ, ಸ್ವಲ್ಪ ಆಚೀಚೆ ಸಿಕ್ಕಲ್ಲಿ ಇಳಿಸುತ್ತೇನೆ. ಕಡಿಮೆ ಎತ್ತರದಲ್ಲಿ ರನ್‌ವೇಗೆ ವಾಪಸ್ ತಿರುಗುವ ಆಸೆ ಎಷ್ಟೋ ಪೈಲಟ್‌ಗಳನ್ನು ತಿಂದಿದೆ. ತಿರುವಿನಲ್ಲಿ ವೇಗ ಕಳೆದುಕೊಂಡು ತಲೆಕೆಳಗಾಗಿ ಬೀಳುತ್ತಾರೆ. 1,000 ಅಡಿಗಿಂತ ಕೆಳಗೆ ಆ ಯೋಚನೆಯೇ ಬೇಡ ಎನ್ನುತ್ತೇನೆ ನಾನು.

ಹತ್ತುವುದು ರನ್‌ವೇ ಸುತ್ತಲೇ. ನೆಲದಿಂದ 3,000 ಅಡಿ ಮೇಲಿದ್ದರೆ ಗಾಳಿ ಇಲ್ಲದ ದಿನ ಇಂಜಿನ್ ನಿಂತರೂ 172 ಸುಮಾರು 8 ಕಿಲೋಮೀಟರ್ ತೇಲಿ ಹೋಗುತ್ತದೆ. ಅದನ್ನು ನಂಬಿ 8 ಕಿಲೋಮೀಟರ್ ದೂರ ಹೋಗಬೇಡಿ, ಮೂರು ನಾಲ್ಕರ ಒಳಗೇ ಇರಿ. ಟ್ರಿಮ್ ಮುಟ್ಟುವಾಗ ಒಂದೊಂದೇ ಚಿಕ್ಕ ತಿರುವು, ಕೈಗೆ ಭಾರ ಕಡಿಮೆಯಾಗುತ್ತಿದೆಯಾ ಗಮನಿಸಿ. ಭಾರ ಹೆಚ್ಚಾದರೆ ತಲೆ ಓಡಿಸುತ್ತಾ ಕೂರಬೇಡಿ. ಈಗ ಏನು ಮಾಡಿದಿರೋ ಅದನ್ನು ವಾಪಸ್ ಮಾಡಿ, ವೇಗ ಇಳಿಸಿ, ಬಂದು ಇಳಿಯಿರಿ. ಸಿಲಿಂಡರಿನ ತಾಪಮಾನಕ್ಕೆ ಇಂಜಿನ್ ತಯಾರಕ ಲೈಕಮಿಂಗ್ ಇಟ್ಟಿರುವ ಮಿತಿ 260 ಡಿಗ್ರಿ ಸೆಲ್ಸಿಯಸ್, ಆದರೆ 225ರ ಕೆಳಗೆ ಇಟ್ಟುಕೊಂಡರೆ ಇಂಜಿನ್ ಬಾಳುತ್ತದೆ. ಹೊಸ ಸಿಲಿಂಡರ್ ಮೊದಮೊದಲು ಉಳಿದವಕ್ಕಿಂತ ಬಿಸಿ ಇರುತ್ತದೆ. ರಿಂಗ್ ಕೂತಂತೆ ಇಳಿಯುತ್ತದೆ. ಏರುತ್ತಲೇ ಹೋದರೆ ಮಾತ್ರ ಕೆಳಗೆ ಬನ್ನಿ.

ಏನೇನು ಪರೀಕ್ಷಿಸಬೇಕು ಅಂತ ಮೊದಲೇ ಬರೆದಿಟ್ಟ ಕಾರ್ಡ್‌ನಲ್ಲಿ ಇಲ್ಲದ್ದನ್ನು ಮೇಲೆ ಹೋಗಿ ಸೇರಿಸಬೇಡಿ. 'ಹೇಗೂ ಬಂದಿದ್ದೇವೆ, ಒಂದು ಸ್ಟಾಲ್ (ವೇಗ ಇಳಿಸಿ ರೆಕ್ಕೆಯ ಎತ್ತುವ ಬಲ ಹೋಗುವಂತೆ ಮಾಡುವುದು) ಕೂಡ ನೋಡಿಬಿಡೋಣ' ಎಂಬುದು ಬೇಡ. 2008ರ ನವೆಂಬರ್ 27ರಂದು ಫ್ರಾನ್ಸಿನ ಪೆರ್ಪಿನ್ಯಾನ್ ಹತ್ತಿರ ಒಂದು ಏರ್‌ಬಸ್ ಎ320 ಹೀಗೆ ಪರೀಕ್ಷೆಗೆ ಹೋಗಿ ಸಮುದ್ರಕ್ಕೆ ಬಿದ್ದು 7 ಜನ ಸತ್ತರು. ತೊಳೆಯುವಾಗ ಸೆನ್ಸರ್ ಒಳಗೆ ಹೋದ ನೀರು ಮೇಲೆ ಹೆಪ್ಪುಗಟ್ಟಿತ್ತು. ಎತ್ತರದಲ್ಲಿ ಮಾಡಬೇಕಿದ್ದ ನಿಧಾನಗತಿಯ ಪರೀಕ್ಷೆಯನ್ನು, ಹೊತ್ತಾಯಿತು ಅಂತ, ಇಳಿಯುವ ದಾರಿಯಲ್ಲಿ ಕಡಿಮೆ ಎತ್ತರದಲ್ಲೇ ಮಾಡಲು ಹೋಗಿದ್ದರು.

ಮುಕ್ಕಾಲು ಗಂಟೆಯ ನಂತರ ಇಳಿದು, ಮತ್ತೆ ಕೌಲಿಂಗ್ ತೆಗೆದು, ಆಯಿಲ್ ಅಳೆದು, ಎಲ್ಲ ಸರಿ ಇದ್ದರೆ ಎರಡನೇ ಹಾರಾಟ. ಒಮ್ಮೆ ಸರಿಯಾಗಿ ಹಾರಿತು ಅಂದ ಮಾತ್ರಕ್ಕೆ ನಾಲ್ಕು ಸೀಟು ತುಂಬಿಸಬೇಡಿ. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ 21 ಜನರೊಂದಿಗೆ ಬಿದ್ದ ಬೀಚ್ 1900ಡಿ ವಿಮಾನದ ಎಲಿವೇಟರ್ ಕೇಬಲ್ ತಪ್ಪಾಗಿ ಹೊಂದಿಸಲ್ಪಟ್ಟಿತ್ತು. ಅದು ಆ ಕೆಲಸದ ನಂತರ ಹಲವು ಸಲ ಸುರಕ್ಷಿತವಾಗಿ ಹಾರಿತ್ತು. ಹಿಂಭಾಗಕ್ಕೆ ಭಾರ ಬಿದ್ದ ದಿನ ಮೂಗು ಕೆಳಗೆ ತರಲು ಎಲಿವೇಟರಿಗೆ ಜಾಗ ಸಾಲಲಿಲ್ಲ. ಹಾಗಾಗಿ ಭಾರವನ್ನೂ ಹಂತಹಂತವಾಗಿ ಏರಿಸಿ. ಮೊದಲು ಒಬ್ಬರು, ಆಮೇಲೆ ಇಬ್ಬರು ಪೈಲಟ್‌ಗಳು, ಆಮೇಲೆ ಹಿಂದಿನ ಸೀಟಿಗೆ ಕಟ್ಟಿದ ಮರಳಿನ ಚೀಲ.

ಅಲ್ಲೇ ಐದಾರು ಗಂಟೆ ಹಾರಿದ ಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ನೋಡಿಸಿ. ಏನೂ ಇಲ್ಲ, ಆಯಿಲ್ ಖರ್ಚೂ ಒಂದೇ ಮಟ್ಟದಲ್ಲಿದೆ ಅಂತಾದರೆ ಘಟ್ಟ ದಾಟಿ. ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಹೊತ್ತಿಗೆ ಕುದುರೆಮುಖದ ತಲೆಗೆ ಮೋಡ ಕೂರುತ್ತದೆ. ಇಳಿಯುವಾಗ ಪವರನ್ನು ಒಮ್ಮೆಲೇ ಎಳೆಯದೆ, ಬೆಳ್ತಂಗಡಿ ಬರುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬನ್ನಿ. ಗೆಳೆಯರ ಮಗ ಬಜ್ಪೆಯಲ್ಲಿ ಕಾಯಲಿ. ಒಂದು ವಾರ ಬಿಟ್ಟು ಅವನನ್ನು ಕೂರಿಸಿಕೊಂಡು ಕಾಪುವಿನ ದೀಪಸ್ತಂಭದವರೆಗೆ ಹೋಗಿ ಬನ್ನಿ.